ಕೆಟ್ಟ ಯಂತ್ರ, ಕೈತೊಳೆದುಕೊಳ್ಳುವ ಅಂಗಡಿ: ಕರಾವಳಿಯ ಗ್ರಾಹಕರು ಮಾಡಬೇಕಾದುದು

ಉಡುಪಿಯ ನಮ್ಮ ಮನೆಗೆ ತಂದ ವಾಷಿಂಗ್ ಮಷಿನ್ ನಾಲ್ಕೇ ತಿಂಗಳಲ್ಲಿ, ಅದೂ ಮಳೆ ಸುರಿದು ಬಟ್ಟೆ ಒಣಗದ ಆಟಿ (ತುಳು ಪಂಚಾಂಗದ ಆಷಾಢ) ತಿಂಗಳಲ್ಲಿ, ನಿಂತುಹೋಯಿತು. ಕೊಳ್ಳುವ ದಿನ ಕುರ್ಚಿ ಎಳೆದು ಕೂರಿಸಿ ಶರಬತ್ತು ಕೊಟ್ಟಿದ್ದ ಅಂಗಡಿಯವರು, ತಾವು ಮಾರುವವರು ಮಾತ್ರ, ಉಳಿದದ್ದು ಕಂಪನಿಗೆ ಬಿಟ್ಟದ್ದು ಎಂದರು. ಕಂಪನಿಯಿಂದ ಬಂದ ತಂತ್ರಜ್ಞ ಹಿಂಬದಿಯ ಮುಚ್ಚಳ ತೆರೆದು, ಇಲ್ಲಿನ ಗಾಳಿಯಲ್ಲಿ ಉಪ್ಪಿದೆ, ಕರೆಂಟೂ ಸರಿಯಿಲ್ಲ, ಆದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ ಎಂದು ಹೇಳಿ ಹೊರಟರು. ಉಪ್ಪುಗಾಳಿ ಬೀಸುವ ಊರಿನಲ್ಲಿ ಮಳಿಗೆ ತೆರೆದು ಯಂತ್ರ ಮಾರುವಾಗ ನೆನಪಾಗದ ಉಪ್ಪು, ರಿಪೇರಿಯ ಹೊತ್ತಿಗೆ ಮಾತ್ರ ನೆನಪಾಗುವುದು ಸೋಜಿಗ.

ಇಂಥ ಸಂದರ್ಭದಲ್ಲಿ ಕೌಂಟರಿನ ಮುಂದೆ ದನಿ ಏರಿಸುವುದಕ್ಕಿಂತ, ನಡೆದ ಪ್ರತಿಯೊಂದು ಮಾತನ್ನೂ ಕಾಗದಕ್ಕೆ ಇಳಿಸುವುದು ಹೆಚ್ಚು ಫಲ ಕೊಡುತ್ತದೆ. ಬಿಲ್ಲಿನಲ್ಲಿ ಯಂತ್ರದ ಮಾದರಿ ಮತ್ತು ಸೀರಿಯಲ್ ಸಂಖ್ಯೆ ಇರುವಂತೆ ಕೊಳ್ಳುವಾಗಲೇ ನೋಡಿಕೊಳ್ಳಬೇಕು. ಬಿಲ್ಲು ಕೊಡದಿರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ತಂತ್ರಜ್ಞರು ಬಂದಾಗಲೆಲ್ಲ ಜಾಬ್ ಶೀಟ್ (ದುರಸ್ತಿಯ ವಿವರ ಬರೆಯುವ ಚೀಟಿ) ಪಡೆದು, ದೋಷ ಯಾವುದು, ವಾರಂಟಿ ಏಕೆ ಇಲ್ಲ ಎಂಬುದನ್ನು ಅದರಲ್ಲಿಯೇ ಬರೆದು ಸಹಿ ಹಾಕಲು ಕೇಳಬೇಕು. ಬಾಯಲ್ಲಿ ಸಲೀಸಾಗಿ ಬರುವ ಉಪ್ಪಿನ ಕಾರಣ ಪೆನ್ನು ಹಿಡಿದಾಗ ಎಷ್ಟೋ ಸಲ ಕರಗಿಬಿಡುತ್ತದೆ. ಬರೆದುಕೊಟ್ಟರೂ ಅದನ್ನು ವಾರಂಟಿ ಯಾವಾಗ ಅನ್ವಯಿಸದು ಎಂದು ಕಾರ್ಡಿನಲ್ಲಿ ಬರೆದಿರುವುದರೊಂದಿಗೆ ಹೋಲಿಸಿ ನೋಡಿ, ಏಕೆಂದರೆ ಷರತ್ತು ಎಂದರೆ ಕಾರ್ಡಿನಲ್ಲಿ ಅಚ್ಚಾದದ್ದೇ ಹೊರತು ತಂತ್ರಜ್ಞರು ಆಡಿದ ಮಾತಲ್ಲ. ವೋಲ್ಟೇಜಿನ ಏರುಪೇರು ಎಂದರೆ, ಅದೇ ಹೊತ್ತಿನಲ್ಲಿ ಮನೆಯ ಫ್ರಿಜ್, ಗ್ರೈಂಡರ್ ಸರಿಯಾಗಿ ನಡೆಯುತ್ತಿದ್ದವೇ ಎಂಬುದನ್ನು ಬರೆದಿಡಿ. ನಿಜವಾಗಿಯೂ ತೊಂದರೆಯಿದ್ದರೆ ಇಲ್ಲಿ ವಿದ್ಯುತ್ ಪೂರೈಸುವ ಮೆಸ್ಕಾಂನ ಸಹಾಯವಾಣಿ 1912ಕ್ಕೆ ದೂರು ಕೊಟ್ಟು ಅದರ ಸಂಖ್ಯೆಯನ್ನೂ ಇಟ್ಟುಕೊಳ್ಳಿ. ಒಂದು ಎಚ್ಚರಿಕೆ: ಬೇಸರದಿಂದ ಪರಿಚಯದ ಮೆಕ್ಯಾನಿಕ್ಕಿನ ಕೈಗೆ ಯಂತ್ರ ಕೊಡಬೇಡಿ. ಹೊರಗಿನವರು ಬಿಚ್ಚಿದ ಯಂತ್ರದ ಮೂಲದೋಷವನ್ನು ಮುಂದೆ ಸಾಬೀತುಪಡಿಸುವುದು ಬಹಳ ಕಷ್ಟ.

ಅನಂತರ ಅಂಗಡಿಗೂ ತಯಾರಕರಿಗೂ ಒಂದೇ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ದುರಸ್ತಿಯೋ ಬದಲಿಯೋ ಹಣವೋ ಎಂಬುದನ್ನು ಸ್ಪಷ್ಟವಾಗಿ ಕೇಳಿ, ಹದಿನೈದು ದಿನಗಳ ಗಡುವು ಕೊಡಿ. ಹಣ ಪಡೆದದ್ದು ಅಂಗಡಿ, ಬಿಲ್ಲಿನಲ್ಲಿರುವುದು ಅದರ ಹೆಸರು. ಆದ್ದರಿಂದ ಕಂಪನಿಯತ್ತ ಬೆರಳು ತೋರಿಸಿದರೆಂದು ಅವರ ಹೆಸರನ್ನು ಕೈಬಿಡಬಾರದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲಿಯೇ ದೂರು ಹೇಳಬಹುದು. ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲದಿದ್ದರೂ, ದೊಡ್ಡ ಕಂಪನಿಗಳು ಅಲ್ಲಿಂದ ಬಂದ ದೂರಿಗೆ ಸಾಮಾನ್ಯವಾಗಿ ಉತ್ತರಿಸುತ್ತವೆ.

ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ದಕ್ಷಿಣ ಕನ್ನಡದವರಿಗೆ ಮಂಗಳೂರಿನಲ್ಲಿ, ಉಡುಪಿಯವರಿಗೆ ಅವರದೇ ಜಿಲ್ಲೆಯಲ್ಲಿ. ಯಂತ್ರವನ್ನು ಬೆಂಗಳೂರಿನಿಂದಲೋ ಆನ್‌ಲೈನಿನಲ್ಲೋ ತರಿಸಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು 2019ರ ಕಾಯ್ದೆ ಅವಕಾಶ ನೀಡಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂಬ ನಿಯಮವೂ ಇಲ್ಲ. ಆದರೆ ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು. “ಬಿಡಿಭಾಗ ಬರಲಿ, ನೋಡೋಣ” ಎಂಬ ಭರವಸೆಯಲ್ಲಿ ಕಾಯುತ್ತ ಆ ಅವಧಿ ಜಾರದಿರಲಿ. ಎದುರುದಾರರು ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ ಪಡೆಯುತ್ತಾರೆ. ದೋಷದ ಬಗ್ಗೆ ವಿವಾದವಾದರೆ ಆಯೋಗವು ಯಂತ್ರವನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳುಹಿಸಬಹುದು. ಪರೀಕ್ಷೆ ಬೇಡದ ಪ್ರಕರಣ 3 ತಿಂಗಳಲ್ಲಿ, ಬೇಕಾದದ್ದು 5 ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆಯಾದರೂ, ಅದಕ್ಕಿಂತ ಹೆಚ್ಚು ಕಾಲ ಹಿಡಿಯಬಹುದೆಂದು ಮನಸ್ಸನ್ನು ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು.

ತೀರ್ಪು ನಿಮ್ಮ ಪರವಾದರೆ ದೋಷ ಸರಿಪಡಿಸಲು, ಯಂತ್ರ ಬದಲಿಸಲು ಅಥವಾ ಬೆಲೆ ಮರಳಿಸಲು, ಜೊತೆಗೆ ಪರಿಹಾರ ಕೊಡಲು ಆದೇಶವಾಗಬಹುದು. ಅಂಗಡಿಯವರು ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬೇಕಾದರೆ 45 ದಿನಗಳೊಳಗೆ ಸಲ್ಲಿಸಬೇಕು, ಆದೇಶವಾದ ಮೊತ್ತದ ಅರ್ಧವನ್ನು ಮೊದಲೇ ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲದೆ, ಹಣವೂ ಬಾರದೆ ಹೋದರೆ ಆದೇಶವನ್ನು ಜಾರಿಗೆ ತರುವಂತೆ ಅದೇ ಜಿಲ್ಲಾ ಆಯೋಗಕ್ಕೆ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ ಅಥವಾ ಒಂದು ತಿಂಗಳಿನಿಂದ ಮೂರು ವರ್ಷದವರೆಗಿನ ಸೆರೆ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಿದೆ.