ಮೊದಲು ಟ್ರಂಕು ತೆಗೆಯಿರಿ, ಸಿಟ್ಟು ಆಮೇಲೆ

ಹೋದ ದಸರಾ ರಜೆಗೆ ಬಂದಿದ್ದ ಮೊಮ್ಮಗಳು ಮೊಬೈಲ್ ಹಿಡಿದು, "ತಾತ, ನಿಮ್ಮ ಪುಸ್ತಕ ಇಲ್ಲಿದೆ" ಅಂದಳು. 1998ರಲ್ಲಿ ಅಚ್ಚಾದ ನನ್ನ ಕಥಾಸಂಕಲನ, ಪೂರ್ತಿ ಸ್ಕ್ಯಾನ್ ಮಾಡಿ ಯಾರೋ ಒಂದು ವೆಬ್ ತಾಣಕ್ಕೆ ಹಾಕಿದ್ದರು. 43ನೇ ಪುಟದ ಮೇಲೆ ಸ್ಕ್ಯಾನ್ ಮಾಡಿದವರ ಹೆಬ್ಬೆರಳು ಬೇರೆ! ಮೊದಲು ಖುಷಿಯಾಯಿತು. ಕಾಫಿ ಮುಗಿಯುವಷ್ಟರಲ್ಲಿ ಸಿಟ್ಟು ಬಂತು. ಒಂದು ಮಾತು ಕೇಳಲಿಲ್ಲವಲ್ಲ.

ನಿಮಗೂ ಹೀಗಾದರೆ ತಕ್ಷಣ ದೂರು ಬರೆಯಬೇಡಿ. ಪ್ರಕಾಶಕರ ಜೊತೆ ಮಾಡಿಕೊಂಡ ಒಪ್ಪಂದ ಹುಡುಕಿ. ಹಕ್ಕು ನಿಮ್ಮದೋ ಅವರದೋ ಗೊತ್ತಿಲ್ಲದೆ ದೂರು ಕೊಟ್ಟು ಏನು ಪ್ರಯೋಜನ? ಕುವೆಂಪುನಗರದ ನಮ್ಮ ಮನೆಯ ಅಟ್ಟದ ಟ್ರಂಕಿನಲ್ಲಿ, ಎಲ್‌ಐಸಿ ರಸೀದಿಗಳ ಅಡಿಯಲ್ಲಿ ನನ್ನದು ಸಿಕ್ಕಿತು. ಒಂದೇ ಹಾಳೆ. ಹಕ್ಕು ಪ್ರಕಾಶಕರಿಗೆ, ರಾಯಲ್ಟಿ ಶೇ. 10, ಇಬ್ಬರ ಸಹಿ. ಎಷ್ಟು ವರ್ಷಕ್ಕೆ ಅಂತ ಬರೆದಿರಲೇ ಇಲ್ಲ. ಅದೇ ಒಳ್ಳೆಯದಾಯಿತು. ಅವಧಿ ಬರೆಯದಿದ್ದರೆ ಹಕ್ಕು ಕೊಟ್ಟದ್ದು 5 ವರ್ಷಕ್ಕೆ ಮಾತ್ರ ಅನ್ನುತ್ತದೆ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 19ನೇ ಸೆಕ್ಷನ್. ಅಂದರೆ 2003ಕ್ಕೇ ಹಕ್ಕು ನನಗೆ ವಾಪಸ್ ಬಂದಿತ್ತು, ನಾನೇ ನೋಡಿಕೊಂಡಿರಲಿಲ್ಲ. (1995ರ ಮೇ 10ಕ್ಕಿಂತ ಹಿಂದಿನ ಒಪ್ಪಂದಕ್ಕೆ ಇದು ಹೊಂದುವುದಿಲ್ಲ, ಹುಷಾರು.) ಬರೀ ಬಾಯಿಮಾತಾಗಿದ್ದರೆ ಹಕ್ಕು ಕೈಬಿಟ್ಟೇ ಇಲ್ಲ, ಬರಹ, ಸಹಿ ಎರಡೂ ಬೇಕು. ರಿಜಿಸ್ಟ್ರೇಷನ್ ಮಾಡಿಸಿಲ್ಲ ಅಂತ ಸುಮ್ನೆ ಗಾಬರಿಯಾಗಬೇಡಿ, ಅದು ಕಡ್ಡಾಯವಲ್ಲ.

ಇನ್ನು, ತೆಗೆಸಬೇಕೋ ಬಿಡಬೇಕೋ? ಇದನ್ನು ಒಂದೊಂದು ಪುಸ್ತಕಕ್ಕೂ ಬೇರೆ ಬೇರೆಯಾಗಿ ಯೋಚಿಸಿ. ನನ್ನ ವ್ಯಾಕರಣದ ಪುಸ್ತಕ ಈಗಲೂ ಖರ್ಚಾಗುತ್ತದೆ, ಅದನ್ನು ತೆಗೆಸಿದೆ. ಪುಟದ ಲಿಂಕ್, ಹಕ್ಕು ನಿಮ್ಮದು ಅನ್ನುವುದಕ್ಕೆ ದಾಖಲೆ, ಎರಡನ್ನೂ ಇಟ್ಟು ತಾಣದವರಿಗೆ ಲಿಖಿತ ದೂರು ಕೊಡಿ. ದೂರು ಸರಿ ಅನ್ನಿಸಿದರೆ ನಮ್ಮ ನಿಯಮದ ಪ್ರಕಾರ ಅವರು 36 ಗಂಟೆಯೊಳಗೆ ತಡೆಯಬೇಕು. ಆ ತಡೆ 21 ದಿನಕ್ಕೆ ಮಾತ್ರ. ಅಷ್ಟರಲ್ಲಿ ಕೋರ್ಟ್ ಆದೇಶ ತರದಿದ್ದರೆ ಮತ್ತೆ ತೆರೆದುಬಿಡಬಹುದು.

ಲೇಖಕ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಮಂಡ್ಯದಲ್ಲಿ ಹುಟ್ಟಿದ ತ್ರಿವೇಣಿಯವರು ಹೋದದ್ದು 1963ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ಕಾದಂಬರಿಗಳು ಎಲ್ಲರ ಸ್ವತ್ತಾದದ್ದು 2024ರ ಜನವರಿ 1ಕ್ಕೆ. ಅದಕ್ಕೇ ವಿಲ್‌ನಲ್ಲಿ ಸೈಟು, ಒಡವೆ ಜೊತೆ ಪುಸ್ತಕಗಳ ಹೆಸರನ್ನೂ ಬರೆಯಿರಿ.

ಕಥೆಗಳನ್ನು ಮಾತ್ರ ನಾನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ (ಲೇಖಕರ ಹೆಸರು ಹೇಳಿ ಯಾರು ಬೇಕಾದರೂ ಹಂಚಿಕೊಳ್ಳಲಿ ಅನ್ನುವ ಮುಂಗಡ ಒಪ್ಪಿಗೆ) ಬಿಟ್ಟುಕೊಟ್ಟೆ. ನಮ್ಮ ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕೊಟ್ಟದ್ದೂ ಹೀಗೆಯೇ. ಒಮ್ಮೆ ಕೊಟ್ಟರೆ ವಾಪಸ್ ಪಡೆಯಲಾಗದು, ಎರಡು ದಿನ ಯೋಚಿಸಿ. ಇನ್ನೊಂದು: ಮುಖಪುಟದ ಚಿತ್ರ, ಮುನ್ನುಡಿ ನಿಮ್ಮವಲ್ಲ. ಚಿತ್ರ ಬರೆದ ಗೆಳೆಯ ಫೋನಿನಲ್ಲೇ "ಆಯ್ತು ಮಾರಾಯ" ಅಂದ. ಅದನ್ನೇ ವಾಟ್ಸಾಪ್‌ನಲ್ಲಿ ಬರೆಸಿಕೊಂಡೆ. ಮುನ್ನುಡಿ ಬರೆದ ಮೇಷ್ಟ್ರು ಈಗಿಲ್ಲ, ಅವರ ಮಗಳನ್ನು ಕೇಳಿದೆ. ಅವರೂ ಒಪ್ಪಿದ ಮೇಲೆ ಅಗ್ರಹಾರದ ಜೆರಾಕ್ಸ್ ಅಂಗಡಿಯಲ್ಲಿ 43ನೇ ಪುಟವನ್ನು ಮತ್ತೆ ಸ್ಕ್ಯಾನ್ ಮಾಡಿಸಿ ತಾಣದವರಿಗೆ ಕಳಿಸಿದೆ.