ಕಲ್ಕತ್ತಾ ಕಪ್ಪಿನ ವಾರ: ಎಡಿನ್‌ಬರೋಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಬ್ಯಾಂಕ್ ಖಾತೆ, ಬಾಡಿಗೆ ಮನೆ, ಜಿಪಿ ನೋಂದಣಿ ಅಂತ ಇನ್ನೂ ಓಡಾಡುತ್ತಿರುವವರಿಗೆ ರಗ್ಬಿ ಪಾಠ ಯಾಕೆ ಅನ್ನಿಸಬಹುದು. ಆದರೆ ಸ್ಕಾಟ್ಲೆಂಡ್–ಇಂಗ್ಲೆಂಡ್ ಮ್ಯಾಚು ಇಲ್ಲಿನ ಮರ್ರೀಫೀಲ್ಡ್ ಸ್ಟೇಡಿಯಮ್ಮಿನಲ್ಲಿ ನಡೆಯುವ ವಾರ ಈ ಊರಿನ ಲಹರಿಯೇ ಬೇರೆ. ತಿಂಗಳುಗಟ್ಟಲೆ ಲಿಫ್ಟಿನಲ್ಲಿ ತಲೆಯಾಡಿಸಿ ಸುಮ್ಮನಾಗುತ್ತಿದ್ದ ಸಹೋದ್ಯೋಗಿ ಆ ವಾರ ತಾನಾಗಿ ಮಾತಿಗೆ ನಿಲ್ಲುತ್ತಾನೆ. ಆಗ ನಿಮ್ಮ ಹತ್ತಿರ ಹೇಳಲು ಎರಡು ಮಾತಿದ್ದರೆ ಸಾಕು. ಅದೂ ಈ ಮ್ಯಾಚಿನಲ್ಲಿ ನಮ್ಮವರಿಗೆ ಮಾತಾಡಲು ವಿಶೇಷವಾದ ಕಾರಣವೇ ಇದೆ, ಗೆದ್ದವರಿಗೆ ಸಿಗುವ ಕಲ್ಕತ್ತಾ ಕಪ್ಪು ನಮ್ಮ ದೇಶದ ಬೆಳ್ಳಿಯದು.

ಮೊದಲು ಆ ಕಥೆ. 1872ರ ಕ್ರಿಸ್‌ಮಸ್ ದಿನ ಕಲ್ಕತ್ತಾದಲ್ಲಿ ಬ್ರಿಟಿಷರು ತಮ್ಮ ತಮ್ಮೊಳಗೇ ಎರಡು ತಂಡ ಮಾಡಿಕೊಂಡು ರಗ್ಬಿ ಆಡಿದರು. ಒಂದು ಕಡೆ ಇಂಗ್ಲೆಂಡಿನವರು, ಇನ್ನೊಂದು ಕಡೆ ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್‌ನವರು. ಮರುವರ್ಷ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಹುಟ್ಟಿತು. ಆದರೆ ಬಂಗಾಳದ ಸೆಕೆಯಲ್ಲಿ ಈ ಆಟ ಎಷ್ಟು ದಿನ ನಡೆದೀತು? ಪೋಲೋ, ಟೆನ್ನಿಸ್ ಕಡೆಗೆ ಜನ ಜಾರಿದರು, ಆಡುತ್ತಿದ್ದ ಸೈನಿಕರ ಪಡೆ ಊರು ಬಿಟ್ಟಿತು, ಕ್ಲಬ್ಬಿನಲ್ಲಿ ಬಿಟ್ಟಿ ಮದ್ಯ ನಿಂತಿತು, ಸದಸ್ಯರೂ ನಿಂತರು. ಕ್ಲಬ್ ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಲ್ಲೇ ತೆಗೆದು, ಕರಗಿಸಿ, ಅಲ್ಲಿನ ಕಸುಬುದಾರರಿಂದ ಕಪ್ಪು ಮಾಡಿಸಿ 1878ರಲ್ಲಿ ಇಂಗ್ಲೆಂಡಿನ ರಗ್ಬಿ ಯೂನಿಯನ್‌ಗೆ ಕೊಟ್ಟರು. ಸುಮಾರು ಒಂದೂವರೆ ಅಡಿ ಎತ್ತರ. ಹಿಡಿಕೆಗಳು ಹೆಡೆ ಎತ್ತಿದ ಮೂರು ಕಾಳಿಂಗಸರ್ಪ. ಮುಚ್ಚಳದ ಮೇಲೆ ಅಂಬಾರಿ ಹೊತ್ತ ಆನೆ. ದಸರಾ ನೋಡಿ ಬೆಳೆದವರಿಗೆ ಆ ಮುಚ್ಚಳವನ್ನು ಯಾರೂ ವಿವರಿಸಬೇಕಿಲ್ಲ.

ಆ ಕಪ್ಪಿಗಾಗಿ ಮೊದಲ ಪಂದ್ಯ ನಡೆದದ್ದು ಇದೇ ಎಡಿನ್‌ಬರೋದಲ್ಲಿ, 1879ರ ಮಾರ್ಚ್ 10ರಂದು, ಸ್ಟಾಕ್‌ಬ್ರಿಜ್‌ನ ರೇಬರ್ನ್ ಪ್ಲೇಸ್ ಮೈದಾನದಲ್ಲಿ. ಸಮಸಮವಾಗಿ ಮುಗಿಯಿತು. ನಮ್ಮ ರಣಜಿ ಟ್ರೋಫಿ ಶುರುವಾಗುವ ಹೊತ್ತಿಗೆ ಈ ಜಿದ್ದಿಗೆ ಐವತ್ತು ದಾಟಿತ್ತು. ಜಗತ್ತಿನ ಮೊಟ್ಟಮೊದಲ ಅಂತರರಾಷ್ಟ್ರೀಯ ರಗ್ಬಿ ಪಂದ್ಯ, 1871ರದ್ದು, ಇದೇ ಎರಡು ದೇಶಗಳ ನಡುವೆ ಇದೇ ಮೈದಾನದಲ್ಲಿ ನಡೆದಿತ್ತು. ಆಗ ಒಂದೊಂದು ಕಡೆ 20 ಜನ, ಗೆದ್ದದ್ದು ಸ್ಕಾಟ್ಲೆಂಡ್. ಮೈದಾನ ಇವತ್ತಿಗೂ ಇದೆ. ಭಾನುವಾರ ಸ್ಟಾಕ್‌ಬ್ರಿಜ್ ಸಂತೆಗೆ ಹೋದಾಗ ನಾಲ್ಕು ಹೆಜ್ಜೆ ಮುಂದೆ ಹೋಗಿ ನೋಡಿ ಬನ್ನಿ.

ಕಪ್ಪಿನ ಇನ್ನೊಂದು ಕಥೆ ಯಾವ ಪಬ್ಬಿನಲ್ಲಾದರೂ ಕೇಳಿಬರುತ್ತದೆ. 1988ರ ಪಂದ್ಯದ ರಾತ್ರಿ ಎರಡೂ ತಂಡಗಳ ಒಬ್ಬೊಬ್ಬ ಆಟಗಾರರು ಅಮಲಿನಲ್ಲಿ ಅದನ್ನು ಹೊರಗೆ ಒಯ್ದು, ಪ್ರಿನ್ಸಸ್ ಸ್ಟ್ರೀಟಿನಲ್ಲಿ ಚೆಂಡಿನ ಹಾಗೆ ಆಡಿ ನಜ್ಜುಗುಜ್ಜು ಮಾಡಿದರು. ಸ್ಕಾಟ್ಲೆಂಡಿನವನಿಗೆ ಆರು ತಿಂಗಳ ನಿಷೇಧ, ಇಂಗ್ಲೆಂಡಿನವನಿಗೆ ಒಂದೇ ಪಂದ್ಯದ್ದು. ಹೇಳುವವರು ನಗುತ್ತಲೇ ಹೇಳುತ್ತಾರೆ, ಆದರೆ ಶಿಕ್ಷೆಯ ಈ ತಾರತಮ್ಯವನ್ನು ಬಿಡದೆ ಹೇಳುತ್ತಾರೆ.

ಇನ್ನು ಆಟ. ಎಲ್ಲ ನಿಯಮ ಕಲಿಯಲು ಹೋಗಬೇಡಿ, ಇಲ್ಲಿ ಹುಟ್ಟಿದವರಿಗೇ, ಎರಡೂ ಕಡೆಯವರು ಗುಂಪಾಗಿ ತಲೆ ತಗ್ಗಿಸಿ ಒಬ್ಬರನ್ನೊಬ್ಬರು ತಳ್ಳುವ ಸ್ಕ್ರಮ್‌ನಲ್ಲಿ ರೆಫರಿ ಯಾಕೆ ಸೀಟಿ ಊದಿದ ಅಂತ ಅರ್ಧಕ್ಕರ್ಧ ಸಲ ಗೊತ್ತಾಗುವುದಿಲ್ಲ. ಇಷ್ಟು ತಿಳಿದಿರಲಿ: ತಂಡಕ್ಕೆ 15 ಜನ, 40 ನಿಮಿಷದ ಎರಡು ಅವಧಿ. ಚೆಂಡನ್ನು ಕೈಯಲ್ಲಿ ಹಿಡಿದು ಮುಂದೆ ಓಡಬಹುದು, ಕಾಲಲ್ಲಿ ಮುಂದಕ್ಕೆ ಒದೆಯಬಹುದು, ಕೈಯಿಂದ ಮಾತ್ರ ಮುಂದಕ್ಕೆ ಎಸೆಯುವಂತಿಲ್ಲ. ಚೆಂಡು ಹಿಂದಕ್ಕೆ ಹೋಗುತ್ತಾ ತಂಡ ಮುಂದಕ್ಕೆ ಹೋಗಬೇಕು, ಆಟದ ಕಷ್ಟವೆಲ್ಲ ಇದರಲ್ಲೇ. ಹಿಡಿದು ಕೆಡವುವುದು ಕಬಡ್ಡಿ ನೋಡಿದವರಿಗೆ ಸಲೀಸಾಗಿ ಅರ್ಥವಾಗುತ್ತದೆ, ಭುಜಕ್ಕಿಂತ ಮೇಲೆ, ಕುತ್ತಿಗೆಗೋ ತಲೆಗೋ ಕೈ ಹಾಕಿದರೆ ಮಾತ್ರ ತಪ್ಪು. ಹಳದಿ ಕಾರ್ಡ್ ಕಂಡರೆ ಹತ್ತು ನಿಮಿಷ ಹೊರಗೆ.

ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ, 5 ಅಂಕ. ಆಮೇಲೆ ಕಂಬಗಳ ನಡುವೆ ಒದೆಯುವ ಕನ್ವರ್ಷನ್‌ಗೆ 2. ಪೆನಾಲ್ಟಿ ಒದೆತಕ್ಕೆ 3, ಆಡುತ್ತಾ ಆಡುತ್ತಾ ಒದ್ದು ಹೊಡೆಯುವ ಡ್ರಾಪ್ ಗೋಲಿಗೂ 3. ಈ ಕನ್ವರ್ಷನ್ ಮೇಲೆ ಒಂದು ಕಣ್ಣಿಡಿ. ಟ್ರೈ ಎಲ್ಲಿ ಆಯಿತೋ ಅದಕ್ಕೆ ನೇರವಾಗಿಯೇ ಹಿಂದೆ ಬಂದು ಒದೆಯಬೇಕು. ಅದಕ್ಕೇ ಗೆರೆ ದಾಟಿದ ಆಟಗಾರ ತಕ್ಷಣ ಬೀಳದೆ, ಬೆನ್ನಟ್ಟುವವರನ್ನು ತಪ್ಪಿಸುತ್ತಾ ಕಂಬಗಳ ಕಡೆಗೆ ಬಾಗಿ ಓಡುವುದು. ಮೂಲೆಯಲ್ಲಿ ಬಿದ್ದರೆ ಒದೆಯುವವನಿಗೆ ಕಂಬಗಳು ಓರೆಯಾಗಿ, ಇಕ್ಕಟ್ಟಾಗಿ ಕಾಣುತ್ತವೆ. 2025ರಲ್ಲಿ ಲಂಡನ್ನಿನ ಟ್ವಿಕನ್‌ಹ್ಯಾಮ್‌ನಲ್ಲಿ ಸ್ಕಾಟ್ಲೆಂಡ್ ಮೂರು ಟ್ರೈ ಹೊಡೆದಿತ್ತು, ಇಂಗ್ಲೆಂಡ್ ಒಂದೇ. ಮೂರು ಕನ್ವರ್ಷನ್‌ಗಳೂ ತಪ್ಪಿದವು, ಕೊನೆಯದು ಆಟ ಮುಗಿಯಲು ಇನ್ನೇನು ಕ್ಷಣಗಳಿದ್ದಾಗ. ಸೋತದ್ದು 16–15ರಲ್ಲಿ. ಆ ಒದೆತದ ಬಗ್ಗೆ ನೀವಾಗಿ ಮಾತು ತೆಗೆಯಬೇಡಿ, ಅವರಾಗಿ ತೆಗೆಯುತ್ತಾರೆ.

ಗಡಿಯಾರದಲ್ಲಿ 80 ನಿಮಿಷ ಆಯಿತೆಂದು ಎದ್ದು ಹೊರಡಲೂಬೇಡಿ. ಚೆಂಡು ಆಟದಿಂದ ಹೊರಬಿದ್ದ (ಇಲ್ಲಿಯವರ ಮಾತಲ್ಲಿ ‘ಸತ್ತ’) ಮೇಲೆಯೇ ಆಟ ಮುಗಿಯುವುದು, ಅಲ್ಲಿಯವರೆಗೆ ಎಷ್ಟು ಹೊತ್ತಾದರೂ ಎಳೆಯಬಹುದು.

ಯಾರ ಪರ ಕೂಗಬೇಕು? ನಮ್ಮಲ್ಲಿ ಎಷ್ಟೋ ಜನರಿಗೆ ಅಣ್ಣನೋ ಭಾವನೋ ಲಂಡನ್ನಿನಲ್ಲಿರುತ್ತಾರೆ, ಆ ವಾರ ಮನೆಯ ವಾಟ್ಸಾಪ್ ಗುಂಪೇ ಎರಡು ಪಾಲು. ಮನಸ್ಸಿಗೆ ಬಂದವರ ಪರ ಕೂಗಿ, ಯಾರೂ ಏನೂ ಅನ್ನುವುದಿಲ್ಲ. ಆದರೆ ಇಲ್ಲಿ ಕೂತು ಊರಿಗೆ ಫೋನ್ ಮಾಡಿ ‘ಇಂಗ್ಲೆಂಡಿನಲ್ಲಿದ್ದೀನಿ’ ಅನ್ನುವ ಚಾಳಿ ಬಿಡಿ. ಅಮ್ಮನಿಗೆ ಹೇಳುವಾಗ ನಡೆದೀತು, ಆಫೀಸಿನಲ್ಲಿ ಬಾಯಿತಪ್ಪಿ ಬಂದರೆ ಆ ವಾರ ಪೂರ್ತಿ ನಿಮ್ಮನ್ನು ಆಡಿಕೊಳ್ಳುತ್ತಾರೆ. ಇನ್ನು ತಮಾಷೆ ಇತಿಹಾಸಕ್ಕೆ ಹೋಗುವುದು ಸಹಜ, ಇಲ್ಲಿಯವರು ರಾಷ್ಟ್ರಗೀತೆಯಾಗಿ ಹಾಡುವ ‘ಫ್ಲವರ್ ಆಫ್ ಸ್ಕಾಟ್ಲೆಂಡ್’ ಹಾಡೇ 1314ರ ಬ್ಯಾನಕ್‌ಬರ್ನ್ ಯುದ್ಧದ್ದು, ಇಂಗ್ಲೆಂಡಿನ ದೊರೆ ಎಡ್ವರ್ಡ್‌ನ ಸೈನ್ಯ ಸೋತು ವಾಪಸ್ಸಾದ ಕಥೆ. ಅಲ್ಲಿಂದ 2014ರ ಸ್ವಾತಂತ್ರ್ಯದ ಜನಮತಕ್ಕೆ ಮಾತು ತಿರುಗಿದರೆ ಹೊಸಬರು ಕೇಳುತ್ತಾ ಕೂರುವುದು ವಾಸಿ. ಅದು ಅವರ ಮನೆಮನೆಯೊಳಗಿನ ಜಗಳ.

ಆ ಹಾಡನ್ನು ಮಾತ್ರ ಕಲಿಯಿರಿ, ಎರಡು ಚರಣ ಸಾಕು. ಸ್ಟ್ಯಾಂಡಿನ ಚಾವಣಿಯ ಮೇಲೆ ಒಬ್ಬನೇ ನಿಂತು ಬ್ಯಾಗ್‌ಪೈಪ್ ಊದುವವನನ್ನು ಮೊದಲು ಹುಡುಕಿ. ಆಮೇಲೆ ಹಾಡು. ಮೊದಲ ಚರಣಕ್ಕೆ ವಾದ್ಯ ಜೊತೆಗಿರುತ್ತದೆ. ಎರಡನೆಯದಕ್ಕೆ ವಾದ್ಯಗಳು ನಿಲ್ಲುತ್ತವೆ, 67 ಸಾವಿರ ಜನ ಬರಿಗೊರಳಲ್ಲಿ ಹಾಡುತ್ತಾರೆ. ನನಗೆ ಇಷ್ಟು ವರ್ಷವಾದರೂ ಅಲ್ಲಿಗೆ ಬಂದಾಗ ಮೈ ಜುಮ್ಮೆನ್ನುತ್ತದೆ. 1990ರಲ್ಲಿ ಎರಡೂ ತಂಡಗಳು ಆ ಸಲದ ಪಂದ್ಯಗಳನ್ನೆಲ್ಲ ಗೆದ್ದು ಇಲ್ಲಿ ಎದುರಾದಾಗ, ಸ್ಕಾಟ್ಲೆಂಡ್ ನಾಯಕ ಡೇವಿಡ್ ಸೋಲ್ ತನ್ನವರನ್ನು ಓಡಿಸದೆ ನಿಧಾನವಾಗಿ ನಡೆಸಿಕೊಂಡು ಮೈದಾನಕ್ಕೆ ತಂದಿದ್ದ. ಸ್ಕಾಟ್ಲೆಂಡ್ 13–7ರಲ್ಲಿ ಗೆದ್ದಿತು. ಆಟ ನೋಡದವರಿಗೂ ಆ ನಡಿಗೆ ಗೊತ್ತು.

ಅದಾದ ಮೇಲೆ ಬರಗಾಲವೂ ಬಂತು. 2008ರಲ್ಲಿ ಗೆದ್ದವರು ಮತ್ತೆ ಗೆಲ್ಲಲು 2018ರವರೆಗೆ ಕಾದರು. 2021ರಿಂದ 2024ರವರೆಗೆ ಸತತ ನಾಲ್ಕು ಸಲ ಗೆದ್ದರು. 2024ರಲ್ಲಿ ಇಲ್ಲೇ ಮೂರು ಟ್ರೈ ಹೊಡೆದ ಡುಹಾನ್ ವ್ಯಾನ್ ಡರ್ ಮರ್ವ ಹುಟ್ಟಿ ಬೆಳೆದದ್ದು ದಕ್ಷಿಣ ಆಫ್ರಿಕಾದಲ್ಲಿ. ಎಡಿನ್‌ಬರೋ ತಂಡಕ್ಕೆ ಆಡಲು ಬಂದು, ಇಲ್ಲಿ ವಾಸವಿದ್ದ ವರ್ಷಗಳ ಲೆಕ್ಕದಲ್ಲೇ ಸ್ಕಾಟ್ಲೆಂಡಿಗೆ ಆಡುವ ಅರ್ಹತೆ ಪಡೆದವನು. ವೀಸಾ ವರ್ಷ ಎಣಿಸುತ್ತಾ ಕೂತ ನಮ್ಮಂಥವರಿಗೆ ಆಪ್ತನಾಗದೆ ಇರುತ್ತಾನೆಯೇ.

ಟಿಕೆಟ್ ವಿಷಯ: ಇಂಗ್ಲೆಂಡ್ ಮ್ಯಾಚಿನ ಟಿಕೆಟ್ ಸುಲಭಕ್ಕೆ ಸಿಗುವುದಿಲ್ಲ, ಬೆಲೆಯೂ ಎದೆ ಝಲ್ಲೆನ್ನಿಸುವಂಥದು. ಸ್ಕಾಟಿಷ್ ರಗ್ಬಿಯ ಅಧಿಕೃತ ಜಾಗ ಬಿಟ್ಟು ಬೇರೆಲ್ಲೂ ಹಣ ಕಟ್ಟಬೇಡಿ, ಫೇಸ್‌ಬುಕ್ಕಿನಲ್ಲಿ ‘ಒಂದು ಹೆಚ್ಚಿಗೆ ಇದೆ’ ಅನ್ನುವವರಿಗಂತೂ ಬೇಡವೇ ಬೇಡ. ಊರಿನ ಸಣ್ಣ ರಗ್ಬಿ ಕ್ಲಬ್ಬುಗಳಿಗೆ ಒಂದಿಷ್ಟು ಟಿಕೆಟ್ ಹೋಗುತ್ತವೆ. ಮಕ್ಕಳನ್ನು ಅಲ್ಲಿ ಸೇರಿಸಿದವರಿಗೆ ದಾರಿ ಗೊತ್ತಿರುತ್ತದೆ. ಮೊದಲ ಸಲಕ್ಕೆ ನನ್ನ ಸಲಹೆ ಬೇರೆ: ಮರ್ರೀಫೀಲ್ಡಿನ ಪಕ್ಕದಲ್ಲೇ ಇರುವ ಹೈವ್ ಎಂಬ ಚಿಕ್ಕ ಸ್ಟೇಡಿಯಮ್ಮಿನಲ್ಲಿ ಎಡಿನ್‌ಬರೋ ತಂಡದ ಪಂದ್ಯಕ್ಕೋ ಮಹಿಳೆಯರ ಪಂದ್ಯಕ್ಕೋ ಹೋಗಿ. ಅಗ್ಗ, ಗದ್ದಲ ಕಡಿಮೆ, ಆಟಗಾರರು ಒಬ್ಬರನ್ನೊಬ್ಬರು ಗುದ್ದುವ ಸದ್ದು ಕಿವಿಗೆ ಬೀಳುತ್ತದೆ. ಟಿವಿಯಲ್ಲಿ ನೂರು ಸಲ ನೋಡಿದರೂ ಆ ಸದ್ದು ತಿಳಿಯುವುದಿಲ್ಲ.

ಮನೆಯಲ್ಲೇ ನೋಡುವವರಿಗೆ ಬಿಬಿಸಿ, ಐಟಿವಿಗಳಲ್ಲಿ ಸಿಕ್ಸ್ ನೇಷನ್ಸ್ (ಈ ಮ್ಯಾಚು ಸೇರಿರುವ ಆರು ದೇಶಗಳ ಟೂರ್ನಿ) ಬರುತ್ತದೆ. ಆದರೆ ನೇರ ಪ್ರಸಾರ ಲ್ಯಾಪ್‌ಟಾಪಿನಲ್ಲಿ ನೋಡಿದರೂ ಟಿವಿ ಲೈಸೆನ್ಸ್ ಇರಬೇಕು. ಹೊಸಬರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ. ಪಬ್ಬಿಗೆ ಹೋಗುವುದಾದರೆ ಹೇಮಾರ್ಕೆಟ್ ಸುತ್ತಮುತ್ತ ಆಟಕ್ಕೆ ಎರಡು ಮೂರು ಗಂಟೆ ಮುಂಚೆ ಹೋದರೂ ನಿಲ್ಲಲು ಜಾಗ ಕಷ್ಟ, ಸ್ವಲ್ಪ ದೂರದ ಬಡಾವಣೆಯ ಪಬ್ ಹುಡುಕಿ. ಕುಡಿಯದಿದ್ದರೆ ಐರ್ನ್ ಬ್ರೂ ಎಂಬ ಇಲ್ಲಿನ ಸೋಡಾ ಹಿಡಿದು ನಿಲ್ಲಿ, ಯಾರೂ ಒತ್ತಾಯಿಸುವುದಿಲ್ಲ. ಆದರೆ ಬೇರೆಯವರು ನಿಮಗೆ ಕೊಡಿಸಿದರೆ ನಿಮ್ಮ ಸರದಿಯಲ್ಲಿ ಎಲ್ಲರಿಗೂ ಕೊಡಿಸಬೇಕು, ಅದು ತಪ್ಪಿದರೆ ನೆನಪಿಟ್ಟುಕೊಳ್ಳುತ್ತಾರೆ. ಸಸ್ಯಾಹಾರಿಗಳು ಮ್ಯಾಕರೋನಿ ಪೈ ಕೇಳಿ. ಪೈ ಒಳಗೆ ಪಾಸ್ತಾ ತುಂಬುವುದು ಮೊದಲು ಅಸಂಬದ್ಧ ಅನ್ನಿಸುತ್ತದೆ, ಫೆಬ್ರವರಿ ಗಾಳಿಯಲ್ಲಿ ಬಿಸಿಬಿಸಿಯಾಗಿ ಕೈಗೆ ಬಂದಾಗ ಎಲ್ಲ ಸರಿಹೋಗುತ್ತದೆ. ಜೇಬಿನಲ್ಲಿ ಪುಟ್ಟ ಡಬ್ಬಿ ಚಟ್ನಿಪುಡಿ ಇದ್ದರೆ ಇನ್ನೂ ಸರಿ.

ಎರಡೂ ದೇಶದವರು ಬೇಲಿಯಿಲ್ಲದೆ ಅಕ್ಕಪಕ್ಕ ಕೂರುವುದು ಫುಟ್‌ಬಾಲ್ ನೋಡಿ ಬಂದವರಿಗೆ ಅಚ್ಚರಿ. ಬೈಗುಳ ಇಲ್ಲವೆಂದಲ್ಲ, ಹೊಡೆದಾಟ ಕಾಣುವುದು ಅಪರೂಪ. ಎದುರಾಳಿ ಒದೆಯಲು ನಿಂತಾಗ ಸುಮ್ಮನಿರಬೇಕೆಂಬುದು ಹಳೆಯ ಮರ್ಯಾದೆ. ಇಂಗ್ಲೆಂಡಿನವನಾದರೆ ಅದನ್ನು ಎಲ್ಲರೂ ಪಾಲಿಸುತ್ತಾರೆಂದು ನಾನು ಹೇಳಲಾರೆ, ನೀವು ಪಾಲಿಸಿ.

ಆ ವಾರಾಂತ್ಯಕ್ಕೆ ಊರಿಂದ ನೆಂಟರನ್ನು ಕರೆಸಿಕೊಳ್ಳಬೇಡಿ. ಹೋಟೆಲ್ ದರ ಏರಿರುತ್ತದೆ, ಶುಕ್ರವಾರ ಲಂಡನ್ನಿನಿಂದ ಬರುವ ರೈಲುಗಳಲ್ಲಿ ಬಿಳಿ ಜೆರ್ಸಿಯವರೇ ತುಂಬಿರುತ್ತಾರೆ. ಮನೆ ಬದಲಿಸುವುದು, ಸೋಫಾ ತರಿಸುವುದು ಇದ್ದರೆ, ಅದೂ ರೋಸ್‌ಬರ್ನ್, ಗೋರ್ಗಿಯಂಥ ಸ್ಟೇಡಿಯಮ್ಮಿನ ಹತ್ತಿರದ ಕಡೆಯಾದರೆ, ಮುಂದಿನ ವಾರಕ್ಕೆ ಹಾಕಿ. ವಿದ್ಯಾರ್ಥಿಗಳಿಗೆ ಸ್ಟೇಡಿಯಮ್ಮಿನ ತಿಂಡಿ ಕೌಂಟರಿನಲ್ಲಿ ಒಂದು ದಿನದ ಕೆಲಸ ಸಿಗಬಹುದು. ತರಗತಿಗಳು ನಡೆಯುವ ಕಾಲವಾದ್ದರಿಂದ ಪದವಿ ಓದುವವರಿಗೆ ವಾರಕ್ಕೆ 20 ಗಂಟೆಯ ಮಿತಿ, ಅದರಲ್ಲಿ ಈ ಗಂಟೆಗಳೂ ಸೇರುತ್ತವೆ. ಬೇರೆ ಕಡೆ ಈಗಾಗಲೇ ದುಡಿಯುತ್ತಿದ್ದರೆ ಕೂಡಿಸಿ ನೋಡಿಕೊಂಡೇ ಒಪ್ಪಿಕೊಳ್ಳಿ.

ಮುಗಿದ ಮೇಲೆ ಸ್ಟೇಡಿಯಮ್ಮಿನ ಟ್ರಾಮ್ ಸ್ಟಾಪಿನಲ್ಲಿ ಸಾಲು ಹಾವಿನ ಹಾಗೆ ಬೆಳೆದಿರುತ್ತದೆ. ಊರೊಳಗೆ ಹೋಗುವವರು ಅದಕ್ಕೆ ನಿಲ್ಲದೆ ಗುಂಪಿನ ಜೊತೆ ಹೇಮಾರ್ಕೆಟ್‌ವರೆಗೆ ನಡೆದುಬಿಡಿ, ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಫೆಬ್ರವರಿಯಲ್ಲಿ ಐದೂಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ, ಟೋಪಿ, ಕೈಗವಸು ಬಿಡಬೇಡಿ. ಮಕ್ಕಳಿದ್ದರೆ ರಸ್ತೆ ಬದಿಯ ಬರ್ಗರ್ ವ್ಯಾನುಗಳ ಮುಂದೆ ಕೈ ಗಟ್ಟಿಯಾಗಿ ಹಿಡಿದುಕೊಳ್ಳಿ, ಅಲ್ಲೇ ಜನ ಹೆಚ್ಚು ಒತ್ತುವುದು.