ಮರೆಯಲ್ಲಿ ನಿಂತು ಕೇಳುವವನನ್ನು ಆಡಿಸುವುದು ಹೇಗೆ

ಶೇಕ್ಸ್‌ಪಿಯರ್‌ನ ‘ಮಚ್ ಅಡೂ ಅಬೌಟ್ ನಥಿಂಗ್’ ಕೈಗೆತ್ತಿಕೊಂಡ ನಿರ್ದೇಶಕರಿಗೆ ಎರಡನೆಯ ಅಂಕದ ಮೂರನೆಯ ದೃಶ್ಯವೇ ಪರೀಕ್ಷೆ. ಮದುವೆಯ ಮಾತೆತ್ತಿದರೆ ಹಂಗಿಸುವ ಬೆನೆಡಿಕ್ ತೋಟದ ಬಳ್ಳಿಮಂಟಪದಲ್ಲಿ ಅಡಗಿದ್ದಾನೆ. ಅದನ್ನು ಬಲ್ಲ ರಾಜಕುಮಾರ ಡಾನ್ ಪೆಡ್ರೊ, ಗೆಳೆಯ ಕ್ಲಾಡಿಯೊ, ಮನೆಯ ಯಜಮಾನ ಲಿಯೊನಾಟೊ ಮೂವರೂ, ಅವನೊಡನೆ ಸದಾ ಮಾತಿನ ಜಗಳವಾಡುವ ಬಿಯಾಟ್ರಿಸ್ ಅವನಿಗಾಗಿ ಕೊರಗುತ್ತಿದ್ದಾಳೆ ಎಂಬ ಸುಳ್ಳನ್ನು ಅವನ ಕಿವಿಗೆ ಬೀಳುವಂತೆ ಆಡುತ್ತಾರೆ.

ಮೊದಲ ತಾಲೀಮಿನಲ್ಲಿ ಬೆನೆಡಿಕ್‌ನನ್ನು ಅಡಗಿಸಬೇಡಿ. ರಂಗದ ಮುಂಭಾಗದಲ್ಲಿ ಕುರ್ಚಿ ಹಾಕಿ, ಪ್ರೇಕ್ಷಕರ ಕಡೆ ಮುಖ ಮಾಡಿಸಿ ಕೂರಿಸಿ. ಮೂವರೂ ಅವನ ಬೆನ್ನ ಹಿಂದೆ ಮಾತನಾಡಲಿ. ಅವನು ಕೇಳಲಿ, ಅಷ್ಟೇ. ನಾನು ಮೊದಲ ಸಲ ಈ ನಾಟಕ ಆಡಿಸಿದಾಗ ನೇರವಾಗಿ ಕಂಬ, ಏಣಿ ಕೊಟ್ಟುಬಿಟ್ಟೆ. ನಟ ಇಣುಕಿದ, ಜಾರಿದ, ಸಭೆ ಬಿದ್ದು ಬಿದ್ದು ನಕ್ಕಿತು. ಆದರೆ ನಾಲ್ಕನೆಯ ಅಂಕದಲ್ಲಿ, ಇಗರ್ಜಿಯೊಳಗೆ ಅಳುತ್ತಿರುವ ಬಿಯಾಟ್ರಿಸ್‌ಗೆ ಅವನು ಪ್ರೀತಿ ಹೇಳಿಕೊಂಡಾಗ ಯಾರೂ ನಂಬಲಿಲ್ಲ. ಮನಸ್ಸು ಬದಲಾದ ಗಳಿಗೆಯನ್ನು ಅವರು ಕಂಡೇ ಇರಲಿಲ್ಲ.

ಸುಳ್ಳು ಹೇಳುವವರು ಕಣ್ಣು ಮಿಟುಕಿಸಕೂಡದು. ಲಿಯೊನಾಟೊನ ಪಾತ್ರಕ್ಕೆ ಗಂಭೀರ ನಟನನ್ನೇ ಆರಿಸಿ, ಏಕೆಂದರೆ ಬೆನೆಡಿಕ್ ನಂಬುವುದು ಆ ಬಿಳಿಗಡ್ಡವನ್ನು. ಆ ಹಿರಿಯ ಆಡದಿದ್ದರೆ ಇದನ್ನು ಮೋಸವೆಂದೇ ಎಣಿಸುತ್ತಿದ್ದೆ ಎಂದು ಅವನೇ ಹೇಳುತ್ತಾನೆ. ಬಿಯಾಟ್ರಿಸ್ ಪ್ರೀತಿಯ ಯಾವ ಲಕ್ಷಣ ತೋರಿಸುತ್ತಾಳೆ ಎಂದು ಡಾನ್ ಪೆಡ್ರೊ ಕೇಳುವ ಜಾಗವೊಂದಿದೆ. ಲಿಯೊನಾಟೊಗೆ ಸುಳ್ಳು ಹೊಳೆಯುವುದಿಲ್ಲ. ‘ಅವಳು ಕೂತು…’ ಎಂದು ತಡವರಿಸಿ, ‘ನನ್ನ ಮಗಳು ನಿಮಗೆ ಹೇಳಿದಳಲ್ಲ’ ಎಂದು ಕ್ಲಾಡಿಯೊನ ಕಡೆಗೆ ದಾಟಿಸುತ್ತಾನೆ. ಅಲ್ಲಿ ಎರಡು ಉಸಿರಿನಷ್ಟು ಮೌನ ಬಿಡಿ. ಈ ದೃಶ್ಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಮೌನ ಅದು.

ಇನ್ನು ಮುಖ್ಯ ಕೆಲಸ. ಪ್ರತಿಯಲ್ಲಿ ಎರಡು ಬಣ್ಣದ ಪೆನ್ಸಿಲ್ ಬಳಸಿ: ಅವಳ ಪ್ರೀತಿಯ ಮಾತಿಗೆ ಒಂದು, ಅವನ ತಿರಸ್ಕಾರದ ಸ್ವಭಾವವನ್ನು ಆಡಿಕೊಳ್ಳುವ ಮಾತಿಗೆ ಇನ್ನೊಂದು. ಮೊದಲನೆಯದು ಸುಳ್ಳು, ಎರಡನೆಯದು ನಿಜ. ಬೆನೆಡಿಕ್‌ಗೆ ನಾಟುವುದು ಆ ನಿಜ. ಮರೆಯಿಂದ ಹೊರಬಂದವನು ತನ್ನ ಮೇಲಿನ ದೂರನ್ನೂ ತಿದ್ದಿಕೊಳ್ಳುವುದನ್ನೂ ಕುರಿತು ಮಾತನಾಡುತ್ತಾನೆ. ನಟನ ಮೈ ಅಲುಗುವುದಿದ್ದರೆ ಎರಡನೆಯ ಬಣ್ಣದ ಸಾಲುಗಳಲ್ಲಿ ಮಾತ್ರ ಅಲುಗಲಿ.

ಮುಂದಿನ ದೃಶ್ಯದಲ್ಲಿ ಲಿಯೊನಾಟೊನ ಮಗಳು ಹೀರೋ ಮತ್ತು ಅವಳ ಸಖಿ ಉರ್ಸುಲಾ ಬಿಯಾಟ್ರಿಸ್‌ಗೆ ಇದೇ ಬಲೆ ಬೀಸುತ್ತಾರೆ. ಅದನ್ನು ಅದೇ ಚಲನೆಗಳಲ್ಲಿ ಮತ್ತೆ ಆಡಿಸಬೇಡಿ. ಅದುವರೆಗೆ ಗದ್ಯದಲ್ಲಿ ಚುಚ್ಚುತ್ತಿದ್ದವಳಿಗೆ ಕವಿ ಕೊನೆಗೆ ಕೊಟ್ಟಿರುವುದು ಹತ್ತೇ ಸಾಲು, ಅದೂ ಪ್ರಾಸಬದ್ಧ ಪದ್ಯ. ನಟಿ ನಿಂತಲ್ಲೇ ನಿಂತು, ಮೆಲ್ಲಗೆ ಹೇಳಿದರೆ ಸಾಕು.

ಬೆನೆಡಿಕ್ ಕೇಳಿಸಿಕೊಂಡ ಜಾಗಕ್ಕೆ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿಡಿ. ಮೂರನೆಯ ಅಂಕದ ಎರಡನೆಯ ದೃಶ್ಯದಲ್ಲಿ ಡಾನ್ ಪೆಡ್ರೊನ ಮಲಸಹೋದರ ಡಾನ್ ಜಾನ್ ಬಂದು ಹೀರೋ ನಡತೆಗೆಟ್ಟವಳೆಂದು ಸುಳ್ಳು ಹೇಳುವಾಗ, ಅವಳನ್ನು ಮದುವೆಯಾಗಲಿರುವ ಕ್ಲಾಡಿಯೊನನ್ನು ಅದೇ ಗುರುತಿನ ಮೇಲೆ, ಪ್ರೇಕ್ಷಕರ ಕಡೆ ಮುಖ ಮಾಡಿಸಿ ನಿಲ್ಲಿಸಿ.